ಮದ್ಯವ್ಯಸನಿಗಳ ಗೋಷ್ಠಿಯೂ ಮಠದ ಕರ್ತವ್ಯವೂ

(ಶ್ರೀಮಠದ ಸುವರ್ಣಮಹೋತ್ಸವದ ಮೂರನೆಯ ದಿನದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದಲ್ಲಿ ಷಟ್‌ಸ್ಥಲವನ್ನು ಕುರಿತು ಮಾತನಾಡಬೇಕೆಂದು ನನಗೆ ಮೊದಲು ಅಪ್ಪಣೆಯಾಗಿತ್ತು. ಪಾಠಶಾಲೆಯಲ್ಲಿ ಕಲಿತು, ಪಾಠಶಾಲೆಯಲ್ಲಿಯೇ ಕಲಿಸುತ್ತ ತಲೆ ನರೆಯಿಸಿಕೊಂಡ ನನ್ನಂಥವನಿಗೆ ಅದು ನಡೆದು ಸವೆದ ಹಾದಿ. ಕಣ್ಣು ಮುಚ್ಚಿ ಹೋದರೂ ಎಡವುವ ಭಯವಿಲ್ಲ. ಆದರೂ ನಾನು ಸನ್ನಿಧಿಯವರಲ್ಲಿ ಬಿನ್ನವಿಸಿಕೊಂಡು ಬೇರೊಂದು ವಿಷಯಕ್ಕೆ ಅನುಮತಿಯನ್ನು ಪಡೆದೆನು. ಮದ್ಯದ ವ್ಯಸನಕ್ಕೆ ಸಿಕ್ಕಿದ ಜನರು ತಮ್ಮತಮ್ಮೊಳಗೆ ಕೂಡಿ, ಒಬ್ಬರನ್ನೊಬ್ಬರು ಹಿಡಿದೆತ್ತುವ ಗೋಷ್ಠಿಗಳು ಉಂಟು. ಅವು ಎಂಥವು, ಎಲ್ಲಿ ನಡೆಯುವವು, ಅಲ್ಲಿಗೆ ಹೋಗುವ ಬಗೆ ಹೇಗೆ, ಅವುಗಳಿಗೂ ನಮ್ಮ ಮಠಕ್ಕೂ ಇರಬೇಕಾದ ಸಂಬಂಧವೇನು ಎಂಬುದೇ ಆ ವಿಷಯವು. ಮಹೋತ್ಸವದ ಮಂಟಪದಲ್ಲಿ ಹೆಂಡದ ಮಾತೇ ಎಂದು ಕೆಲವರು ಹುಬ್ಬು ಗಂಟಿಕ್ಕುವುದನ್ನು ನಾನು ಇಲ್ಲಿಂದಲೇ ಕಾಣುತ್ತಿದ್ದೇನೆ. ಅವರಲ್ಲಿ ನನ್ನದೊಂದು ಪ್ರಾರ್ಥನೆ: ಈ ಮಂಟಪದಲ್ಲಿ ಕುಳಿತಿರುವ ನಮ್ಮ ಬಂಧುಬಳಗದಲ್ಲಿ ಈ ವ್ಯಸನವು ಸೋಂಕದ ಮನೆಗಳು ಎಷ್ಟಿವೆಯೆಂಬುದನ್ನು ಪ್ರತಿಯೊಬ್ಬರೂ ಮನಸ್ಸಿನಲ್ಲಿಯೇ ಎಣಿಸಿಕೊಳ್ಳಲಿ. ಬಾಯಿಬಿಟ್ಟು ಹೇಳಬೇಕಾಗಿಲ್ಲ.

ನಾನು ಈ ವಿಷಯಕ್ಕೆ ಬಂದದ್ದು ಓದಿನಿಂದಲ್ಲ, ನನ್ನ ಕೈಯಿಂದಾದ ಒಂದು ತಪ್ಪಿನಿಂದ.

ಹನ್ನೊಂದು ವರ್ಷಗಳ ಹಿಂದೆ, ಶ್ರಾವಣಮಾಸದ ಪ್ರವಚನವು ಮುಗಿಯುವ ದಿನ, ಕುಡಿತವನ್ನು ಬಿಡಬೇಕೆನ್ನುವವರು ಮುಂದೆ ಬರಲೆಂದು ನಾನು ಕರೆಕೊಟ್ಟೆನು. ಏಳೆಂಟು ಜನರು ಬಂದರು. ಅವರಲ್ಲಿ ಒಬ್ಬರ ಸಂಗತಿಯನ್ನಷ್ಟೇ ಹೇಳುವೆನು. ಅವರ ಒಪ್ಪಿಗೆಯನ್ನು ಪಡೆದೇ ಹೇಳುತ್ತಿದ್ದೇನೆ. ಹೆಸರು, ಊರು, ಕಾಯಕ ಮೂರನ್ನೂ ಬಿಟ್ಟಿದ್ದೇನೆ. ಅವರನ್ನು ಕರ್ತೃಗದ್ದುಗೆಯ ಮುಂದೆ ನಿಲ್ಲಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿಸಿ, ಈ ಕ್ಷಣದಿಂದ ಸಾಯುವ ತನಕ ಮದ್ಯವನ್ನು ಮುಟ್ಟೆನೆಂದು ಆಣೆ ಮಾಡಿಸಿದೆನು. ಸಭೆಯು ಜಯಘೋಷ ಮಾಡಿತು. ನಾನು ಸಂತೋಷದಿಂದ ಪ್ರಸಾದ ಸ್ವೀಕರಿಸಿ ಮಲಗಿದೆನು.

ಮೂರನೆಯ ರಾತ್ರಿ ಅವರನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಮಠಕ್ಕೆ ತಂದರು. ಮೈಯೆಲ್ಲ ನಡುಗುತ್ತಿತ್ತು, ಬೆವರು ಹರಿಯುತ್ತಿತ್ತು. ಗೋಡೆಯ ತುಂಬ ಹುಳುಗಳು ಹರಿದಾಡುತ್ತಿವೆಯೆಂದು ಕೂಗುತ್ತಿದ್ದರು. ದೆವ್ವ ಬಡಿದಿದೆಯೆಂದು ಮನೆಯವರ ಎಣಿಕೆ. ಲಜ್ಜೆಯಿಂದ ಹೇಳುತ್ತೇನೆ, ನಾನೂ ಹಾಗೆಯೇ ಎಣಿಸಿ ಹಣೆಗೆ ವಿಭೂತಿಯನ್ನು ಹಚ್ಚಿ ಮಂತ್ರವನ್ನು ಹೇಳತೊಡಗಿದೆನು. ದವಾಖಾನೆಯಲ್ಲಿ ಕೆಲಸ ಮಾಡುವ ಭಕ್ತರೊಬ್ಬರು ದೈವವಶಾತ್ ಅಲ್ಲಿದ್ದು, ಇದು ದೆವ್ವವಲ್ಲ, ಸೆರೆ ಒಮ್ಮೆಲೇ ನಿಂತುದರ ಫಲವೆಂದು ಗದರಿಸಿ ಅವರನ್ನು ವೈದ್ಯರ ಬಳಿಗೆ ಒಯ್ದರು. ಪ್ರಾಣವು ಉಳಿಯಿತು. ಮರುದಿನ ವೈದ್ಯರು ನನಗೆ ತಿಳಿಸಿ ಹೇಳಿದರು: ವರ್ಷಗಟ್ಟಲೆ ದಿನಾಲು ಮದ್ಯಕ್ಕೆ ಒಗ್ಗಿದ ದೇಹದಲ್ಲಿ ಅದು ತಟ್ಟನೆ ನಿಂತರೆ ನರಮಂಡಲವು ಕೆರಳುವುದು, ಮೊದಲ ಎರಡು ದಿನಗಳೊಳಗೆ ಅಪಸ್ಮಾರದಂಥ ಸೆಳವು ಬರಬಹುದು, ಎರಡು ಮೂರು ದಿನಗಳಲ್ಲಿ ಸನ್ನಿಯಾಗಿ, ಚಿಕಿತ್ಸೆಯಿಲ್ಲದಿದ್ದರೆ ಸಾವೂ ಸಂಭವಿಸಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಯಾರಿಗೆ ಆಗುವುದೆಂಬುದನ್ನು ಪ್ರವಚನಕಾರನು ವೇದಿಕೆಯ ಮೇಲಿಂದ ಅರಿಯಲಾರನು. ನಾಲ್ಕಾರು ದಿನ ಔಷಧ ಕೊಟ್ಟು, ಬಿ-ಒಂದು ಜೀವಸತ್ವದ ಚುಚ್ಚುಮದ್ದು ಹಾಕಿ, ಕಣ್ಣಿಟ್ಟು ನೋಡಿಕೊಂಡರೆ ಈ ಗಂಡಾಂತರವು ದಾಟಿಹೋಗುವುದು. ಆದ್ದರಿಂದ ಈ ಸಭೆಯಲ್ಲಿರುವ ಚರಮೂರ್ತಿಗಳಲ್ಲಿಯೂ ಪ್ರವಚನಕಾರರಲ್ಲಿಯೂ ನನ್ನ ಮೊದಲನೆಯ ಬಿನ್ನಹವೇನೆಂದರೆ, ದಿನಾಲು ಕುಡಿಯುವವನಿಗೆ ವೈದ್ಯನನ್ನು ತೋರಿಸದೆ ಈ ಕ್ಷಣದಿಂದ ಬಿಡೆಂದು ಆಣೆ ಕೊಡಿಸಬೇಡಿರಿ.

ಆ ಮಹನೀಯರು ಗುಣಹೊಂದಿ ಬಂದು ಎರಡು ತಿಂಗಳು ಚೆನ್ನಾಗಿದ್ದರು. ದೀಪಾವಳಿಯ ಹೊತ್ತಿಗೆ ಆಣೆಯು ಮುರಿದುಬಿತ್ತು. ಅಲ್ಲಿಂದ ಮಠದತ್ತ ಅವರ ಸುಳಿವಿಲ್ಲ. ಒಂದು ದಿನ ಅವರ ಧರ್ಮಪತ್ನಿಯು ಬಂದು ಪಾಠಶಾಲೆಯ ಕಟ್ಟೆಯ ಮೇಲೆ ಕುಳಿತು ಹೇಳಿದಳು: “ಅಯ್ಯಾರ, ಅವರು ಕುಡ್ಯೂದು ನನಗೇನು ಹೊಸದಲ್ಲರಿ. ಕೊಳ್ಳಾಗಿನ ಲಿಂಗಾ ಬಿಚ್ಚಿ ಜಗಲಿ ಮ್ಯಾಲ ಇಟ್ಟಾರ. ಅದನ್ನ ನೋಡಾಕ ಆಗವಲ್ದು.”

ಸದ್ಭಕ್ತರೇ, ನಿಮಗೆ ಈ ಮಾತಿನ ಭಾರವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷ ಕುಡಿದಾಗಲೂ ಮೈಯಿಂದ ಅಗಲದಿದ್ದ ಲಿಂಗವು ನಾನು ಮಾಡಿಸಿದ ಆಣೆಯಿಂದ ಅಗಲಿತು. ಮದ್ಯವು ಮಾಡದ ಕೆಲಸವನ್ನು ನನ್ನ ಉಪದೇಶವು ಮಾಡಿತು.

ಮೂರು ವರ್ಷಗಳ ಮೇಲೆ ಜಿಲ್ಲೆಯ ಪಟ್ಟಣದ ಬಸ್‌ನಿಲ್ದಾಣದಲ್ಲಿ ಅವರು ನನಗೆ ಕಂಡರು. ಮುಖದಲ್ಲಿ ಕಳೆ ಇತ್ತು, ಕೈ ನಡುಗುತ್ತಿರಲಿಲ್ಲ. ಏಳು ತಿಂಗಳಾಯಿತು ಮುಟ್ಟಿಲ್ಲವೆಂದರು. ಲಿಂಗವನ್ನೇಕೆ ಬಿಚ್ಚಿಟ್ಟಿರೆಂದು ನಾನು ಕೇಳಿದಾಗ, “ಕುಡದದ್ದಕ್ಕ ಅಲ್ಲರಿ ಅಯ್ಯಾರ. ಲಿಂಗಾ ಕೈಯಾಗ ಹಿಡದು ಆಡಿದ ಮಾತು ಸುಳ್ಳಾತು. ಇನ್ನ ಅದನ್ನ ಕಟ್ಟಿಕೊಳ್ಳೂ ಮೋತಿ ಎಲ್ಲೈತಿ?” ಎಂದರು. ಹಾಗಾದರೆ ಈಗ ಬಿಡಿಸಿದವರು ಯಾರೆಂದೆನು. ಯಾರೂ ಬಿಡಿಸಿಲ್ಲ, ಮಂಗಳವಾರ ಮತ್ತು ಶನಿವಾರ ಒಂದು ಮೀಟಿಂಗಿಗೆ ಹೋಗುತ್ತೇನೆ, ಅಷ್ಟೇ ಎಂದರು. ಅಂದು ಶನಿವಾರವೇ ಆಗಿತ್ತು. ಅದು ಹೊರಗಿನವರಿಗೂ ಪ್ರವೇಶವಿದ್ದ ದಿನವಾದುದರಿಂದ ನನ್ನನ್ನೂ ಕರೆದೊಯ್ದರು.

ಚರ್ಚಿಗೆ ಸೇರಿದ ಶಾಲೆಯೊಂದರ ಕೋಣೆ, ಮಕ್ಕಳ ಬಾಕುಗಳು, ಹಲಗೆಯ ಮೇಲೆ ಅಳಿಸದೆ ಉಳಿದ ಲೆಕ್ಕ. ಹದಿನೈದು ಹದಿನಾರು ಜನರಿದ್ದರು. ಅಧ್ಯಕ್ಷಪೀಠವಿಲ್ಲ, ಹಾರತುರಾಯಿಗಳಿಲ್ಲ. ನಾನು ವಿಭೂತಿ ರುದ್ರಾಕ್ಷಿಗಳೊಡನೆ ಹಿಂದಿನ ಬಾಕಿನಲ್ಲಿ ಕುಳಿತೆನು. ಯಾರೂ ಎದ್ದು ನಮಸ್ಕರಿಸಲಿಲ್ಲ, ಯಾರೂ ಏಕೆ ಬಂದಿರೆಂದೂ ಕೇಳಲಿಲ್ಲ. ಒಬ್ಬರು ಒಂದೆರಡು ಪುಟಗಳನ್ನು ಓದಿದರು. ಬಳಿಕ ಒಬ್ಬೊಬ್ಬರೇ ತಮ್ಮ ಹೆಸರನ್ನು ಹೇಳಿ, ತಾನು ಮದ್ಯವ್ಯಸನಿಯೆಂದು ಒಪ್ಪಿಕೊಂಡು, ತಮ್ಮ ಅನುಭವವನ್ನಾಡಿದರು. ಮತ್ತೊಬ್ಬನಿಗೆ ಬುದ್ಧಿ ಹೇಳಿದವರು ಒಬ್ಬರೂ ಇಲ್ಲ. ಒಬ್ಬರ ಮಾತಿನ ನಡುವೆ ಮತ್ತೊಬ್ಬರು ಬಾಯಿ ಹಾಕಲಿಲ್ಲ. ಮಾತು ಮುಗಿದೊಡನೆ ಎಲ್ಲರೂ ಕೂಡಿ ಅವರ ಹೆಸರು ಹಿಡಿದು ವಂದನೆ ಹೇಳುವರು. ಒಬ್ಬರು ಕುಡಿತವನ್ನು ಬಿಟ್ಟು ಹದಿನಾಲ್ಕು ವರ್ಷಗಳಾಗಿದ್ದವು. ಇನ್ನೊಬ್ಬ ತರುಣನು ಎದ್ದು, ತಾನು ಮೊನ್ನೆ ಮತ್ತೆ ಕುಡಿದೆನೆಂದೂ ಇಂದಿಗೆ ಎರಡು ದಿನಗಳಾದವೆಂದೂ ಹೇಳಿದನು. ಹದಿನಾಲ್ಕು ವರ್ಷಕ್ಕೂ ಎರಡು ದಿನಕ್ಕೂ ಅವರು ತಟ್ಟಿದ ಚಪ್ಪಾಳೆ ಒಂದೇ ಆಗಿತ್ತು. ಮೂವತ್ತು ವರ್ಷಗಳಿಂದ ನಾನು ಸಮತಾಭಾವವನ್ನು ಕುರಿತು ಪಾಠ ಹೇಳುತ್ತಿದ್ದೇನೆ. ಅದು ಕಿವಿಗೆ ಕೇಳುವಂತೆ ಸದ್ದುಮಾಡಿದ್ದನ್ನು ನಾನು ಆ ದಿನವೇ ಕೇಳಿದ್ದು.

ಕೊನೆಗೆ ಒಂದು ತಗಡಿನ ಡಬ್ಬಿಯು ಕೈಯಿಂದ ಕೈಗೆ ಬಂದಿತು. ಚಹಾದ ಖರ್ಚು, ಕೋಣೆಯ ಬಾಡಿಗೆ ಇವುಗಳಿಗಾಗಿ ಬಲ್ಲವರು ಬಲ್ಲಷ್ಟು ಹಾಕುವರು, ಇಲ್ಲದವರು ಮುಂದೆ ಸರಿಸುವರು. ನಾನು ಸೊಂಟದ ಚೀಲದಿಂದ ನೂರರ ಒಂದು ನೋಟನ್ನು ತೆಗೆದೆನು. ಪಕ್ಕದವರು ಮೆಲ್ಲನೆ ಕೈಹಿಡಿದು, “ತಾವು ಹೊರಗಿನವರ್ರಿ, ತಮ್ಮ ರೊಕ್ಕ ನಮಗ ಬರೂದಿಲ್ಲ,” ಎಂದರು. ಮಠದಲ್ಲಿ ಬೆಳೆದ ನಾನು ಕಾಣಿಕೆಯನ್ನು ಬೇಡವೆಂದ ಸಂಸ್ಥೆಯನ್ನು ಅದುವರೆಗೆ ಕಂಡಿರಲಿಲ್ಲ. (ಸನ್ನಿಧಿಯವರು ನಗುತ್ತಿರುವುದರಿಂದ ಈ ಮಾತನ್ನು ಕ್ಷಮಿಸಿರುವರೆಂದು ತಿಳಿಯುತ್ತೇನೆ.)

ಇದರ ಮೂಲವನ್ನು ಆಮೇಲೆ ವಿಚಾರಿಸಿ ತಿಳಿದೆನು. ಅಮೆರಿಕಾದೇಶದ ನ್ಯೂಯಾರ್ಕಿನಲ್ಲಿ ಬಿಲ್ ವಿಲ್ಸನ್ ಎಂಬ ಷೇರುವ್ಯಾಪಾರದ ಗೃಹಸ್ಥರಿದ್ದರು. ಮದ್ಯದಿಂದ ಸರ್ವಸ್ವವನ್ನೂ ಕಳೆದುಕೊಂಡು, ಆಸ್ಪತ್ರೆಯನ್ನು ಸೇರಿ, 1934ರ ದಶಂಬರದಲ್ಲಿ ಕುಡಿತವನ್ನು ಬಿಟ್ಟರು. 1935ರ ಮೇ ತಿಂಗಳಲ್ಲಿ ಒಂದು ವ್ಯವಹಾರಕ್ಕಾಗಿ ಒಹಾಯೋ ಪ್ರಾಂತದ ಆಕ್ರನ್ ಪಟ್ಟಣಕ್ಕೆ ಹೋದಾಗ ಆ ವ್ಯವಹಾರವು ಕೆಟ್ಟಿತು. ಕಿಸೆ ಬರಿದು, ಪರಸ್ಥಳ, ಒಂಟಿತನ. ಹೋಟೆಲಿನ ಪಡಸಾಲೆಯ ಒಂದು ಬದಿಗೆ ಸೆರೆಯಂಗಡಿಯ ಸದ್ದುಗದ್ದಲ. ಇನ್ನೊಂದು ಬದಿಗೆ ಊರಿನ ಚರ್ಚುಗಳ ಹೆಸರುಗಳ ಪಟ್ಟಿ. ಅವರು ಟೆಲಿಫೋನು ಮಾಡಿ ಒಬ್ಬ ಪಾದ್ರಿಯನ್ನು ಕೇಳಿದ್ದು, ನನ್ನನ್ನು ಉದ್ಧರಿಸಿರೆಂದಲ್ಲ. ಈ ಊರಿನಲ್ಲಿ ನನ್ನಂಥ ಇನ್ನೊಬ್ಬ ಕುಡುಕನು ಇದ್ದರೆ ಅವನೊಡನೆ ಮಾತನಾಡಬೇಕಾಗಿದೆಯೆಂದು. ಹೀಗೆ ದೊರೆತವರೇ ಶಸ್ತ್ರವೈದ್ಯರಾದ ರಾಬರ್ಟ್ ಸ್ಮಿತ್ ಅವರು. ಹದಿನೈದು ನಿಮಿಷ ಮಾತ್ರ ಕೂಡುವೆನೆಂದು ಬಂದ ಆ ವೈದ್ಯರು ರಾತ್ರಿ ಹನ್ನೊಂದು ದಾಟುವ ತನಕ ಕುಳಿತರು. ವೈದ್ಯರಿಗೆ ಮದ್ಯದ ಕೆಡುಕನ್ನು ಹೇಳಿದವರು ಅದಕ್ಕೂ ಮೊದಲು ಅನೇಕರಿದ್ದರು. ತಾನೂ ಅದರಲ್ಲಿ ಬಿದ್ದವನೆಂದು ಹೇಳಿದವರು ಇವರೊಬ್ಬರೇ. ನಡುವೆ ಒಮ್ಮೆ ಜಾರಿಬಿದ್ದು, 1935ರ ಜೂನ್ 10ರಂದು ಅವರು ಕಡೆಯ ಬಾರಿ ಕುಡಿದರು. ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಸಂಘಕ್ಕೆ ಆ ದಿನವನ್ನೇ ಹುಟ್ಟಿದ ದಿನವೆಂದು ಎಣಿಸುವರು. ಹೆಸರಿಲ್ಲದ ಮದ್ಯವ್ಯಸನಿಗಳೆಂದು ಅದರ ಅರ್ಥ, ಎ.ಎ. ಎಂದು ರೂಢಿ.

1939ರಲ್ಲಿ ಅವರು ತಮ್ಮ ಹನ್ನೆರಡು ಮೆಟ್ಟಿಲುಗಳ ಸಾಧನಕ್ರಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. 1950ರಲ್ಲಿ, ಕ್ಲೀವ್‌ಲ್ಯಾಂಡಿನಲ್ಲಿ ಕೂಡಿದ ಮಹಾಸಭೆಯು ಸಂಘಗಳು ನಡೆಯತಕ್ಕ ಹನ್ನೆರಡು ನಿಯಮಗಳನ್ನು ಅಂಗೀಕರಿಸಿತು. ಸದಸ್ಯನಾಗಲು ಕುಡಿತವನ್ನು ಬಿಡಬೇಕೆಂಬ ಇಚ್ಛೆಯೊಂದೇ ಸಾಕು. ಹೊರಗಿನ ಧನವನ್ನು ತೆಗೆದುಕೊಳ್ಳಬಾರದು. ಪತ್ರಿಕೆಯಲ್ಲಿ ಹೆಸರು ಭಾವಚಿತ್ರಗಳು ಬರಬಾರದು. ಯಾವ ವಾದವಿವಾದದಲ್ಲಿಯೂ ಪಕ್ಷ ಹಿಡಿಯಬಾರದು ಎಂಬುವು ಅವುಗಳಲ್ಲಿ ಮುಖ್ಯವಾದುವು. ನಮ್ಮ ದೇಶದಲ್ಲಿ ಇದು 1957ರಲ್ಲಿ ಆರಂಭವಾಯಿತು. ಈಗ ಇದರ ದೇಶೀಯ ಕಾರ್ಯಾಲಯವು ಮುಂಬಯಿಯಲ್ಲಿರುವುದು. ಬೆಂಗಳೂರಿನಲ್ಲಿ ಕನ್ನಡದಲ್ಲಿಯೇ ನಡೆಯುವ ಗೋಷ್ಠಿಗಳುಂಟು.

ಇದರಿಂದ ನಿಜವಾಗಿ ಫಲವುಂಟೋ ಎಂದು ವಿದ್ಯಾವಂತ ತರುಣರು ಕೇಳುವರು, ಕೇಳತಕ್ಕದ್ದೇ. 2020ರಲ್ಲಿ ಕಾಕ್ರೇನ್ ಎಂಬ ವೈದ್ಯಕೀಯ ಪರಿಶೀಲನಸಂಸ್ಥೆಯು 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಸ್ಥಿತಿಗತಿಗಳನ್ನು, ತೂಗಿ ನೋಡಿತು. ರೋಗಿಯನ್ನು ಈ ಗೋಷ್ಠಿಗಳತ್ತ ಕ್ರಮವಾಗಿ ನಡೆಯಿಸುವ ಚಿಕಿತ್ಸೆಯು, ಮದ್ಯವನ್ನು ಪೂರ್ಣವಾಗಿ ಬಿಟ್ಟಿರಿಸುವ ವಿಷಯದಲ್ಲಿ, ಬೇರೆ ಪ್ರಸಿದ್ಧವಾದ ಮನಶ್ಚಿಕಿತ್ಸೆಗಳಿಗಿಂತ ಮಿಗಿಲಾಗಿ ಕಂಡಿತು. ಎಲ್ಲರೂ ಗುಣಹೊಂದುವರೆಂದು ಇದರ ಅರ್ಥವಲ್ಲ. ಬಂದವರಲ್ಲಿ ಅನೇಕರು ಹೊರಟುಹೋಗುವರು. ಔಷಧದಿಂದ ಮೇಲಾದವರೂ ಉಂಟು. ಎರಡೂ ಬೇಕಾದವರೂ ಉಂಟು.

ಇಲ್ಲಿ ನಮ್ಮ ಪಂಡಿತಮಂಡಲಿಯವರು ಏಳುವರು. ಇದೆಲ್ಲವೂ ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದ ಅನುಭವಮಂಟಪದಲ್ಲಿತ್ತು, ಅವರದೇನು ಹೊಸದು ಎನ್ನುವರು. ಎಲ್ಲವೂ ನಮ್ಮಲ್ಲಿತ್ತೆಂದು ಹೇಳುವುದು ನಮ್ಮ ಪಾಠಶಾಲೆಯವರಿಗೆ ಬಲು ಸುಲಭವಾದ ಕಾಯಕ. ಆಕ್ರನ್ನಿನ ಆ ಇಬ್ಬರು ಬಸವಣ್ಣನವರ ಹೆಸರನ್ನು ಕೇಳಿದ್ದರೆಂದು ತೋರುವುದಿಲ್ಲ. ಅವರ ಪುಣ್ಯವು ಅವರಿಗಿರಲಿ. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಮೇಲುಕೀಳುಗಳನ್ನು ಬಾಗಿಲ ಹೊರಗಿಟ್ಟು, ತಾನು ಕಂಡುಂಡದ್ದನ್ನು ತನ್ನ ಮಾತಿನಲ್ಲಿ ಹೇಳುವ ಗೋಷ್ಠಿಯ ವಾರಸುದಾರರೆಂದು ಹೇಳಿಕೊಳ್ಳುವ ನಮ್ಮ ಮಠಗಳಲ್ಲಿ ಅಂಥ ಗೋಷ್ಠಿಯು ಇಂದು ಎಲ್ಲಿ ನಡೆಯುತ್ತಿದೆ? ನಮ್ಮಲ್ಲಿ ನಡೆಯುವುದು ಉಪನ್ಯಾಸವು. ಒಬ್ಬನು ಮೇಲೆ ನಿಂತು ಹೇಳುವನು, ಸಾವಿರ ಜನರು ಕೆಳಗೆ ಕುಳಿತು ಕೇಳುವರು; ಈಗ ನಾನು ಮಾಡುತ್ತಿರುವಂತೆ. ಶರಣರ ಗಣದಲ್ಲಿ ಹೆಂಡದ ಮಾರಯ್ಯನವರೆಂಬವರು ಇದ್ದರು. ಹೆಂಡ ಮಾರುವುದು ಅವರ ಕಾಯಕ. ಧರ್ಮೇಶ್ವರಲಿಂಗ ಎಂಬುದು ಅವರ ಅಂಕಿತ. ಅವರ ಕೆಲವು ವಚನಗಳು ಇಂದಿಗೂ ಉಳಿದಿವೆ. ಹೆಂಡದ ಹೆಸರನ್ನೇ ಹೆಸರಿನ ಮುಂದೆ ಹೊತ್ತವರಿಗೆ ಶರಣಗಣದಲ್ಲಿ ಪೀಠವಿತ್ತು. ಹೆಂಡಕ್ಕೆ ಸಿಕ್ಕಿಬಿದ್ದವನಿಗೆ ನಮ್ಮ ಮಠದ ಪಡಸಾಲೆಯಲ್ಲಿ ಚಾಪೆಯಿದೆಯೇ?

ನಮ್ಮ ಪರಂಪರೆಯಲ್ಲಿಯೇ ಈ ಕಾರ್ಯಕ್ಕೆ ತಮ್ಮ ಜೀವಮಾನವನ್ನು ಸವೆಸಿದ ಮಹಾನುಭಾವರನ್ನು ಈ ಸಂದರ್ಭದಲ್ಲಿ ಸ್ಮರಿಸದಿದ್ದರೆ ಅಪಚಾರವಾದೀತು. ಇಳಕಲ್ಲ ಚಿತ್ತರಗಿ ಸಂಸ್ಥಾನಮಠದ ಲಿಂಗೈಕ್ಯ ಮಹಾಂತ ಸ್ವಾಮಿಗಳವರು 1975ರಿಂದ ಜೋಳಿಗೆಯನ್ನು ಹಿಡಿದು ಹಳ್ಳಿಹಳ್ಳಿಗೆ ನಡೆದರು. ಕಾಳು ಬೇಡಲಿಲ್ಲ, ಕಾಸು ಬೇಡಲಿಲ್ಲ. ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರೆಂದು ಬೇಡಿದರು. ಮಹಾಂತ ಜೋಳಿಗೆ ಎಂಬ ಹೆಸರು ನಾಡಿನ ತುಂಬ ಹರಡಿತು. 2018ರಲ್ಲಿ ಅವರು ಲಿಂಗೈಕ್ಯರಾದ ತರುವಾಯ, ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕಸರಕಾರವು ವ್ಯಸನಮುಕ್ತದಿನವೆಂದು ಆಚರಿಸುತ್ತಲಿದೆ. ಕೊಡುವುದೇ ಮಠದ ಧರ್ಮವೆಂದಿದ್ದಲ್ಲಿ, ಜನರ ಹೊಲಸನ್ನು ಬೇಡಿ ಪಡೆಯುವುದೂ ಮಠದ ಧರ್ಮವೆಂದು ತೋರಿಸಿದ ಆ ಜೋಳಿಗೆಗೆ ನಾನು ನೆಲಮುಟ್ಟಿ ನಮಸ್ಕರಿಸುವೆನು. ನನ್ನ ಚಿಂತೆಯು ಜೋಳಿಗೆಯನ್ನು ಕುರಿತದ್ದಲ್ಲ, ಅದರ ಮರುದಿನದ ಸಂಜೆಯನ್ನು ಕುರಿತದ್ದು. ಚಟವನ್ನು ಜೋಳಿಗೆಗೆ ಹಾಕಿದವನು ಮನೆಗೆ ಹೋಗುವನು. ಮರುದಿನ ದೀಪ ಹಚ್ಚುವ ಹೊತ್ತಿಗೆ, ಆ ಹೊತ್ತಿನಲ್ಲಿ ದಿನಾಲು ಕಾಲು ತಾನಾಗಿ ಹೋಗುತ್ತಿದ್ದ ಅಂಗಡಿಯ ಬದಲು, ಇನ್ನೆಲ್ಲಿಗೆ ಹೋಗಬೇಕು? ಗೆಳೆಯರೆಲ್ಲರೂ ಅಂಗಡಿಯಲ್ಲಿರುವರು. ಮನೆಯಲ್ಲಿ ಹೆಂಡತಿಯು ಮುಖವನ್ನೇ ನೋಡುತ್ತ, ಮೂಸಿ ನೋಡುತ್ತ ಕುಳಿತಿರುವಳು. ಆ ಒಂದು ತಾಸಿಗೆ ಕೂಡ್ರಲು ಒಂದು ಸ್ಥಳವೂ, ಅದೇ ತಾಸನ್ನು ದಾಟಿ ಬಲ್ಲ ನಾಲ್ಕು ಜನರೂ ಬೇಕು. ದಕ್ಷಿಣಕನ್ನಡದ ಕಡೆ ಧರ್ಮಸ್ಥಳದ ಆಶ್ರಯದಲ್ಲಿ ನಡೆಯುವ ಮದ್ಯವರ್ಜನಶಿಬಿರಗಳವರು ಇದನ್ನು ಕಂಡುಕೊಂಡಿರುವರು. ಶಿಬಿರವು ಮುಗಿದ ಮೇಲೆ ಕುಡಿತ ಬಿಟ್ಟವರು ನವಜೀವನ ಸಮಿತಿಗಳಾಗಿ ಊರೂರಿನಲ್ಲಿ ಕೂಡುತ್ತಿರುವರು.

ಆಣೆಗೂ ಗೋಷ್ಠಿಗೂ ಇರುವ ಭೇದವನ್ನು ನಾನು ಆ ಮಹನೀಯರಿಂದಲೇ ತಿಳಿದೆನು. ಗೋಷ್ಠಿಯಲ್ಲಿ ಸಾಯುವ ತನಕ ಎಂಬ ಮಾತೇ ಇಲ್ಲ. ಇಂದೊಂದು ದಿನ ಎಂಬುವರು. ತಾನು ಗಟ್ಟಿಗನೆಂದು ಸಾರುವುದಿಲ್ಲ. ಮದ್ಯದ ಮುಂದೆ ತನ್ನ ಬಲವು ನಡೆಯದೆಂದು ಒಪ್ಪಿಕೊಳ್ಳುವುದೇ ಮೊದಲನೆಯ ಮೆಟ್ಟಿಲು. ಆ ಮಹನೀಯರು ಗೋಷ್ಠಿಗೆ ಸೇರಿದ ಎರಡನೆಯ ವರ್ಷದಲ್ಲಿ ಮತ್ತೊಮ್ಮೆ ಜಾರಿದರು. ನನ್ನ ಆಣೆಯನ್ನು ಮುರಿದಾಗ ಮೂರು ವರ್ಷ ಮುಖ ತೋರಿಸದವರು, ಅಲ್ಲಿ ಜಾರಿದಾಗ ಮರುದಿನದ ಸಂಜೆಯೇ ಹೋಗಿ ಅದೇ ಬಾಕಿನಲ್ಲಿ ಕುಳಿತರು. ಏಕೆಂದರೆ ಅಲ್ಲಿ ಜಾರದೆ ಇದ್ದವರು ಯಾರೂ ಇರಲಿಲ್ಲ.

ಇನ್ನು ಇಂಥ ಗೋಷ್ಠಿಯನ್ನು ಹುಡುಕುವ ಬಗೆ. ಮೊದಲು ವೈದ್ಯರು. ಜಿಲ್ಲೆಯ ಸರಕಾರಿ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇದಕ್ಕಾಗಿಯೇ ಒಂದು ಕೇಂದ್ರವಿದೆ. ಹೋಗಲು ಧೈರ್ಯ ಸಾಲದವರು 14446 ಎಂಬ ಸಂಖ್ಯೆಗೆ ಫೋನು ಮಾಡಿದರೆ ಕೇಂದ್ರಸರಕಾರದ ವ್ಯಸನಮುಕ್ತಿಯ ಸಹಾಯವಾಣಿಯು ದೊರೆಯುವುದು. ಮನಸ್ಸು ತೀರ ಕುಸಿದಿದ್ದರೆ ಟೆಲಿಮಾನಸ್ ಎಂಬುದರ 14416 ಇದೆ; ಕನ್ನಡದಲ್ಲಿಯೇ ಮಾತನಾಡುವರು, ಹಣ ಕೊಡಬೇಕಾಗಿಲ್ಲ. ನಿಮ್ಮ ಸಮೀಪದ ಗೋಷ್ಠಿಯು ಯಾವುದೆಂದು ವೈದ್ಯರನ್ನೇ ಕೇಳಿರಿ, ಇಲ್ಲವೆ ಎ.ಎ. ಕಾರ್ಯಾಲಯಕ್ಕೆ ಫೋನು ಮಾಡಿಸಿರಿ. ವಾರ, ವೇಳೆ, ಸ್ಥಳಗಳ ಪಟ್ಟಿಯು ಅವರಲ್ಲಿರುವುದು. ತೆರೆದ ಗೋಷ್ಠಿಯೆಂದರೆ ಯಾರೂ ಹೋಗಬಹುದಾದದ್ದು. ಮುಚ್ಚಿದ್ದೆಂದರೆ ವ್ಯಸನಿಗಳಿಗೆ ಮಾತ್ರ. ಕುಡಿತವನ್ನು ಬಿಡಬೇಕೆಂಬ ಮನಸ್ಸಿದ್ದವನಿಗೆ ಎರಡೂ ತೆರೆದಿರುವುವು. ದಾಖಲೆಯಲ್ಲಿ ಹೆಸರು ಬರೆಯುವುದಿಲ್ಲ, ವರ್ಗಣಿಯಿಲ್ಲ. ಮೊದಲ ದಿನ ಮಾತನಾಡಲೇಬೇಕೆಂಬ ಕಟ್ಟೂ ಇಲ್ಲ. ಬಾಗಿಲ ಬಳಿಯ ಬಾಕಿನಲ್ಲಿ ಕುಳಿತು ಕೇಳಿ ಬರಬಹುದು. ಒಂದೇ ದಿನ ಹೋಗಿ, ಇದು ನನಗೆ ಸರಿಬರಲಿಲ್ಲವೆಂದು ಬಿಡಬೇಡಿರಿ. ಗೋಷ್ಠಿಯಿಂದ ಗೋಷ್ಠಿಗೆ ಬಣ್ಣ ಬೇರೆ. ಒಂದು ಹಿಡಿಸದಿದ್ದರೆ ಇನ್ನೊಂದಕ್ಕೆ, ಐದಾರು ಸಲವಾದರೂ, ಹೋಗಿ ನೋಡಿರಿ. ಹೊಸಬರು ಮೊದಲ ತೊಂಬತ್ತು ದಿನಗಳಲ್ಲಿ ತೊಂಬತ್ತು ಗೋಷ್ಠಿಗಳಿಗೆ ಹೋಗಲೆಂದು ಹಳಬರು ಹೇಳುವರು. ಹಳ್ಳಿಯವರಿಗೆ ಇದು ಬಸ್ಸಿನ ಖರ್ಚಿಗೂ ಎಟುಕದ ಮಾತು. ಆದರೆ 2020ರ ಮಹಾಮಾರಿಯ ಕಾಲದಿಂದ ಮೊಬೈಲಿನ ಮೇಲೆಯೇ ಕೂಡುವ ಗೋಷ್ಠಿಗಳು ಬಹಳವಾಗಿವೆ. ಹೊಲದ ಬದುವಿನಲ್ಲಿ ಕುಳಿತು ಕೇಳುವವರನ್ನು ನಾನು ಬಲ್ಲೆನು. ಅಲ್ಲಿ ಒಬ್ಬ ಹಳಬನ ಸ್ನೇಹವನ್ನು ಬೆಳೆಸಿ ಅವನ ಫೋನಿನ ಸಂಖ್ಯೆಯನ್ನು ಇಟ್ಟುಕೊಳ್ಳುವುದು ಬಹಳ ಮುಖ್ಯ. ಸಂಜೆ ಆರೂವರೆಗೆ ಕಾಲು ಅಂಗಡಿಯತ್ತ ಎಳೆದಾಗ ಕೂಗಬೇಕಾದದ್ದು ಅವನನ್ನೇ, ನನ್ನಂಥ ಶಾಸ್ತ್ರಿಯನ್ನಲ್ಲ. ಸ್ಪಾನ್ಸರ್ ಎಂದು ಅವನನ್ನು ಕರೆಯುವರು.

ತಾಯಂದಿರಿಗೆ ಒಂದು ಮಾತು. ವ್ಯಸನಿಯ ಮನೆಯವರಿಗಾಗಿಯೂ ಬೇರೆ ಗೋಷ್ಠಿಯುಂಟು. ಬಿಲ್ ವಿಲ್ಸನ್ನರ ಪತ್ನಿ ಲೋಯಿಸ್ ಅವರು 1951ರಲ್ಲಿ ಅಲ್-ಅನಾನ್ ಎಂಬುದನ್ನು ಹುಟ್ಟುಹಾಕಿದರು. ಗಂಡನು ಬಿಟ್ಟರೂ ಬಿಡದಿದ್ದರೂ ನೀವು ಅಲ್ಲಿಗೆ ಹೋಗಬಹುದು. ಗಂಡನನ್ನು ಕಾಯುವ ಪೋಲೀಸರ ಕೆಲಸವನ್ನು ನಿಮ್ಮ ಮೇಲೆ ಹೊರಿಸಿದವರು ನಮ್ಮಂಥ ಉಪದೇಶಕರೇ. ಅದನ್ನು ಇಳಿಸಿಡುವುದನ್ನು ಅಲ್ಲಿ ಕಲಿಯುವಿರಿ. ಇನ್ನು ಕುಡಿತಕ್ಕೆ ತಾವೇ ಸಿಕ್ಕಿದ ಹೆಣ್ಣುಮಕ್ಕಳೂ ಇರುವರು. ಇಲ್ಲವೆಂದು ನಾವು ನಟಿಸುವುದರಿಂದ ಅವರು ಗಂಡಸರಿಗಿಂತ ಹೆಚ್ಚು ಒಂಟಿಯಾಗಿರುವರು. ಅವರಿಗೂ ಆ ಬಾಗಿಲು ಅಷ್ಟೇ ತೆರೆದಿದೆ.

ಕಿರಿಸ್ತಾನರ ಚರ್ಚಿನಲ್ಲಿ ಕೂಡುವ ಸಭೆಗೆ ಲಿಂಗವಂತರು ಹೋಗಬಹುದೇ ಎಂದು ನನ್ನನ್ನು ಹಿರಿಯರೊಬ್ಬರು ಕೇಳಿದರು. ಕೋಣೆಯು ಅವರದು, ಸಭೆಯು ಅವರದಲ್ಲ. ಅವರು ಬಾಡಿಗೆಗೆ ಕೊಟ್ಟರು, ನಾವು ಕೊಡಲಿಲ್ಲ. ಮೆಟ್ಟಿಲುಗಳಲ್ಲಿ ದೇವರ ಮಾತು ಬರುವುದು ನಿಜ. ಆದರೆ ತಾನು ತಿಳಿದುಕೊಂಡಂತೆ ದೇವರು ಎಂದೇ ಅವರು ಹೇಳಿರುವರು. ಅಂಗೈಯಲ್ಲಿ ಲಿಂಗವನ್ನು ಹಿಡಿದವನಿಗೆ ಅದರಲ್ಲಿ ತೊಡಕೇನಿದೆ? ನಾಸ್ತಿಕರೂ ಅಲ್ಲಿ ಬಂದು ಕುಳಿತು ಗುಣಹೊಂದುವರು.

ಈಗ ನನ್ನ ಎರಡನೆಯ ಬಿನ್ನಹ. ಇದು ಸನ್ನಿಧಿಯವರಲ್ಲಿಯೂ ಮಠದ ಕಮಿಟಿಯ ಹಿರಿಯರಲ್ಲಿಯೂ. ದಾಸೋಹದ ಮನೆಯ ಹಿಂದೆ ಒಂದು ಕೋಣೆಯಿದೆ. ಹಳೆಯ ಪಲ್ಲಕ್ಕಿಯ ದಂಡಿಗೆಗಳನ್ನೂ, ಸವೆದ ಜಮಖಾನೆಗಳನ್ನೂ ಅದರಲ್ಲಿ ತುಂಬಿದ್ದೇವೆ. ಅದರ ಒಂದು ಬಾಗಿಲು ಹಿಂದಿನ ಓಣಿಗೆ ತೆರೆಯುವುದು. ವಾರದಲ್ಲಿ ಒಂದು ಸಂಜೆ ಆ ಕೋಣೆಯನ್ನು ಇಂಥ ಗೋಷ್ಠಿಗೆ ಕೊಡಬೇಕೆಂದು ಬೇಡುತ್ತೇನೆ. ಸುತ್ತಿನ ಹಳ್ಳಿಗಳವರು ಈಗ ಜಿಲ್ಲೆಯ ಪಟ್ಟಣದ ತನಕ ಹೋಗಬೇಕಾಗಿದೆ. ರಾತ್ರಿಯ ಕಡೆಯ ಬಸ್ಸು ಗೋಷ್ಠಿಯು ಮುಗಿಯುವುದರೊಳಗೆ ಹೊರಟುಹೋಗುವುದು. ಕುಡಿತವನ್ನು ಬಿಡುವ ಉದ್ದೇಶದಿಂದ ಇಬ್ಬರು ಮೂವರು ಕೂಡಿದರೂ ಅದು ಗೋಷ್ಠಿಯೆಂದು ಅವರ ನಿಯಮವಿದೆ. ಮೂವರು ಸಿದ್ಧರಿದ್ದಾರೆಂಬುದನ್ನು ನಾನು ಬಲ್ಲೆನು.

ಆದರೆ ಕೊಡುವ ರೀತಿಯಲ್ಲಿ ಕೊಡಬೇಕು. ಬಾಗಿಲ ಮೇಲೆ ಮಠದ ಹೆಸರಿನ ಬೋರ್ಡು ಬೇಡ. ಉದ್ಘಾಟನೆ ಬೇಡ, ಫೋಟೋ ಬೇಡ. ನಾನಾಗಲಿ, ಚರಮೂರ್ತಿಗಳಾಗಲಿ, ಸನ್ನಿಧಿಯವರೇ ಆಗಲಿ ಒಳಗೆ ಹೋಗಿ ಆಶೀರ್ವಚನ ಮಾಡುವುದು ಬೇಡ. ಗುರುವು ಕೂಡ ಹೊರಗಿರಬೇಕಾದ ಸ್ಥಳವೊಂದು ಮಠದಲ್ಲಿರಲಿ. ಯಾರು ಬಂದರು, ಯಾರ ಮಗನು ಬಂದನು ಎಂದು ದಾಸೋಹದ ಕಟ್ಟೆಯ ಮೇಲೆ ಕುಳಿತು ನೋಡುವವರನ್ನು ಆ ಸಂಜೆ ಬೇರೆ ಕೆಲಸಕ್ಕೆ ಕಳುಹಿಸಬೇಕು. ಮುಂದಿನ ಜಾತ್ರೆಯಲ್ಲಿ ಕುಡಿತ ಬಿಟ್ಟವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಸನ್ಮಾನಿಸುವ ಆಲೋಚನೆಯನ್ನಂತೂ ಯಾರೂ ಮಾಡಬಾರದು. ಶಾಲು ಹೊದ್ದವನು ನಾಳೆ ಜಾರಿದರೆ ಎಲ್ಲಿಗೆ ಹೋಗಬೇಕು? ಅವರು ಬಾಡಿಗೆ ಕೊಡುವೆವೆನ್ನುವರು. ಹತ್ತೇ ರೂಪಾಯಿ ಆಗಿರಲಿ, ತೆಗೆದುಕೊಳ್ಳಬೇಕು. ನಾವು ದಾಸೋಹದವರು, ರೊಕ್ಕವನ್ನು ಮುಟ್ಟೆವೆಂದು ದೊಡ್ಡಸ್ತಿಕೆಯನ್ನು ತೋರಿಸಬಾರದು. 1938ರಲ್ಲಿ ರಾಕ್‌ಫೆಲ್ಲರ್ ಎಂಬ ಮಹಾಧನಿಕರ ಬಳಿಗೆ ಈ ಸಂಘದವರು ದ್ರವ್ಯಸಹಾಯಕ್ಕಾಗಿ ಹೋದಾಗ, ಅವರು ಅಲ್ಪಸ್ವಲ್ಪವನ್ನು ಕೊಟ್ಟು, ಹೆಚ್ಚಿನ ಹಣದಿಂದ ಈ ಕಾರ್ಯವು ಕೆಟ್ಟೀತೆಂದು ಹಿಂಜರಿದರು. ಧನಿಕರೊಬ್ಬರಿಗೆ ಆ ವಿವೇಕವಿದ್ದಿತು.

ಆ ಮಹನೀಯರ ಲಿಂಗದ ಮಾತು ಉಳಿಯಿತು. ಬಸ್‌ನಿಲ್ದಾಣದ ಭೇಟಿಯಾದ ಮರುವರ್ಷ ಅವರು ಒಂದು ಮುಂಜಾನೆ, ಬಿಳಿಯ ಅರಿವೆಯಲ್ಲಿ ಲಿಂಗವನ್ನು ಸುತ್ತಿಕೊಂಡು ಮಠಕ್ಕೆ ಬಂದರು. ಪ್ರಾಯಶ್ಚಿತ್ತವೇನೆಂದು ಕೇಳಿದರು. ನಾನು ಗ್ರಂಥವನ್ನು ತೆಗೆಯಲು ಕಪಾಟಿನ ಕಡೆ ಎದ್ದೆನು. ಸನ್ನಿಧಿಯವರು ಕೈಸನ್ನೆಯಿಂದ ನನ್ನನ್ನು ಕೂಡ್ರಿಸಿ, “ಜಳಕ ಮಾಡಿ ಬಾರಪ್ಪಾ,” ಎಂದಷ್ಟೇ ಹೇಳಿ, ಬಂದ ಮೇಲೆ ತಾವೇ ಕಟ್ಟಿದರು. ಆಣೆಯ ಮಾತನ್ನು ಅವರೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಅಂದು ಸಂಜೆ ನಾನು ಅವರ ಮನೆಗೆ ಹೋಗಿ ಆ ತಾಯಿಯ ಮುಂದೆ ತಪ್ಪೊಪ್ಪಿಕೊಂಡು ಬಂದೆನು.

ಅವರು ಇಂದು ಈ ಸಭೆಯಲ್ಲಿರುವರೋ ಇಲ್ಲವೋ ನಾನು ಹೇಳಲಾರೆನು. ನೀವೂ ದಯಮಾಡಿ ಹಿಂದಿರುಗಿ ನೋಡಬೇಡಿರಿ. ಆ ಕೋಣೆಯ ಕೀಲಿಕೈ ಉಗ್ರಾಣದ ಹಿರಿಯರಲ್ಲಿದೆ. ಅಪ್ಪಣೆಯಾದರೆ ದಂಡಿಗೆಗಳನ್ನು ಹೊರಗೆ ಸಾಗಿಸಲು ಪಾಠಶಾಲೆಯ ವಿದ್ಯಾರ್ಥಿಗಳು ನಾಳೆ ಬೆಳಿಗ್ಗೆ ಬರುವರು. ಇಷ್ಟನ್ನು ಸನ್ನಿಧಿಯವರಲ್ಲಿ ಬಿನ್ನವಿಸಿಕೊಂಡು ಕುಳಿತುಕೊಳ್ಳುತ್ತೇನೆ. ಶರಣು.